ಸುಣ್ಣದ ಲೆಕ್ಕ

ಗೋರಿಗುಂಡಿ ತೋಡುವುದು, ಗಂಟೆ ಹೊಡೆಯುವುದು,
ಎರಡು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಯುವುದು,
ಹೋರ್ಬಿಯ ಚರ್ಚಿನಲ್ಲಿ ಇವು ಮೂರು ನನ್ನ ಕೆಲಸ.
ಅಪ್ಪ ಸತ್ತ ಮೇಲೆ ಅವ್ವ ಮಾಡಿದಳು,
ಅವಳ ಮೊಣಕೈ ಸೋತ ಮೇಲೆ ನಾನು.
ಬಿಳುಪು ಅಂದರೆ ಎಸ್ಕಿಲ್ಡನ ಗೋಡೆ,
ಅನ್ನುತ್ತಾರೆ ಊರವರು.

ಆ ಬಿಳುಪನ್ನು ಕೀಳಲು
ಕೋಪನ್‌ಹೇಗನ್ನಿನಿಂದ ಬಂದಳು ಈ ಹೆಂಗಸು,
ತ್ಯೂರಾ ಲಿಂಡ್‌ಗೋರ್.
ಸೈಕಲ್ಲಿನ ಹಿಂದೆ ಪೆಟ್ಟಿಗೆ,
ಪೆಟ್ಟಿಗೆಯಲ್ಲಿ ಹಲ್ಲು ಕೀಳುವವರ ಸಾಮಾನಿನಂಥ ಸಾಮಾನು.
ದೀಪ ನೇರ ಹಿಡಿಯಬೇಡಿ, ಪಕ್ಕದಿಂದ,
ಗೋಡೆಯ ಕೆನ್ನೆಗೆ ತಾಗುವ ಹಾಗೆ, ಅಂದಳು.
ಹಿಡಿದೆ.
ನಾನೇ ಬಳಿದ ಗೋಡೆ ಅವತ್ತು ಮೊದಲ ಸಲ
ಉತ್ತ ಹೊಲದ ಹಾಗೆ ಕಂಡಿತು.

ಒಂದು ಚಕ್ಕೆ ಎಬ್ಬಿಸಿ, ಅಡ್ಡ ಕೊಯ್ದು,
ಭೂತಗನ್ನಡಿಯಡಿ ಎಣಿಸಿದಳು.
ತೊಂಬತ್ತೊಂದು ಪದರ.
ಮೇಲಿನ ಹದಿನಾಲ್ಕು ನನ್ನವು.
ಒಂದರಲ್ಲಿ ಹಂದಿಕೂದಲು, ನನ್ನ ಕುಂಚದ್ದು.
ಇನ್ನೊಂದರಲ್ಲಿ ನೊಣ, ಕಾಲು ಮಡಚಿಕೊಂಡು.
ಯಾವ ವರ್ಷದ್ದು? ಕೇಳಿದಳು, ಪುಸ್ತಕ ತೆರೆದು.
ನೊಣದ ವಯಸ್ಸು ಕೇಳಿದವರು
ಇದುವರೆಗೆ ಯಾರೂ ಇರಲಿಲ್ಲ.

ಇಪ್ಪತ್ತಮೂರನೆಯದನ್ನು ದೀಪದ ಉರಿಗೆ ಹಿಡಿದು ಮೂಸಿದಳು,
ನನಗೂ ಕೊಟ್ಟಳು.
ಹೊತ್ತಿದ ಹಾಲಿನ ವಾಸನೆ.
ಸುಣ್ಣಕ್ಕೆ ಹಾಲು ಬೆರೆಸಿದ್ದಾರೆ, ಅದಕ್ಕೇ ಇಷ್ಟು ಗಟ್ಟಿ, ಅಂದಳು.

ಇಪ್ಪತ್ತಮೂರನೆಯದು ಅವ್ವನದು.
ಆ ವರ್ಷ ಹಸು ಒಂದೇ, ಮಕ್ಕಳು ಐವರು.
ಬರೀ ನೀರಿನ ಗಂಜಿ. ಹಾಲೆಲ್ಲಿ ಅಂದರೆ
ಹಸು ಕೊಡಲಿಲ್ಲ ಅನ್ನುತ್ತಿದ್ದಳು.
ನಾವು ಹಸುವನ್ನು ಬೈದೆವು.
ಚಿಕ್ಕವನು ಒದ್ದ ಕೂಡ.

ಇದನ್ನು ತ್ಯೂರಾಳಿಗೆ ಹೇಳಲಿಲ್ಲ.
ಬರೆದುಕೊಂಡಳು: ಪದರ ೨೩, ಹಾಲು.

ಜೂನ್ ಹೊತ್ತಿಗೆ ಕಮಾನಿನಡಿ
ಒಬ್ಬ ಹೆಂಗಸು ಹೊರಬಂದಳು, ಬೆಣ್ಣೆ ಕಡೆಯುತ್ತ,
ಕಡೆಗೋಲಿಗೆ ಕೈ ಕೊಟ್ಟು ನಿಂತ ಸೈತಾನ.
ಕೆಂಪುಮಣ್ಣಿನ ಬಣ್ಣ, ಪಳಗಿದ ಕೈಯೇನಲ್ಲ,
ಸೈತಾನನಿಗೆ ಎರಡೂ ಎಡಗೈ.
ನಾನೂರೈವತ್ತು ವರ್ಷ, ಅಂದಳು ತ್ಯೂರಾ.
ನಾವು ಬಳಿಯುತ್ತಿದ್ದಾಗೆಲ್ಲ
ಇವಳು ಒಳಗೆ ಕಡೆಯುತ್ತಲೇ ಇದ್ದಳೆ?
ಪಾದ್ರಿಗಳು ಕೆಮ್ಮಿದರು. ಊರು ನಕ್ಕಿತು.
ರೊಟ್ಟಿಯಂಗಡಿಯವನ ಹೆಂಡತಿಯದೇ ಮೂಗು, ಅಂದರು ಕೆಲವರು.

ಅವಳ ಮೊಣಕಾಲಿನ ಹತ್ತಿರ ಗಾರೆ ಬಿದ್ದುಹೋಗಿತ್ತು,
ಅಂಗೈಯಗಲ.
ಒಳಗೊಂದು ಕಣ್ಣು, ನೀಲಿಯ ಮೇಲೆ.
ಅದು ಇನ್ನೂ ಮುನ್ನೂರು ವರ್ಷ ಹಿಂದಿನದು,
ಹಡಗು ಹತ್ತಿ ಬಂದ ನೀಲಿಯಂತೆ,
ಚಿನ್ನದ ಜೊತೆ ತೂಗುತ್ತಿದ್ದದ್ದು.
ಬೆಳಕು ನಡುಗಿತು. ದೀಪ ನನ್ನ ಕೈಯಲ್ಲಿತ್ತು.

ಸಮಿತಿಯ ಕಾಗದ ಬಂತು: ಕೆಳಗಿನದು ಅಪರೂಪ,
ಮೇಲಿನದನ್ನು ತೆಗೆಯಿರಿ.

ಎಂಟು ದಿನ ಅವಳು ಏಣಿ ಹತ್ತಲಿಲ್ಲ.
ಗೋಪುರದ ಮೆಟ್ಟಿಲ ಮೇಲೆ ಕೂತು
ಕಪ್ಪು ರೊಟ್ಟಿ ತಿಂದಳು, ಬರೆದಳು, ಹರಿದಳು, ಬರೆದಳು.
ನನಗೆ ಓದಿ ಹೇಳಿದ್ದು ಒಂದೇ ಮಾತು:
ಒಂದನ್ನು ನೋಡಲು ಇನ್ನೊಂದನ್ನು ಕೊಲ್ಲುವ ಕೆಲಸ
ನನಗೆ ಬರುವುದಿಲ್ಲ;
ಬರುವವರನ್ನು ದಯವಿಟ್ಟು ಕಳಿಸಬೇಡಿ.

ಒಂಬತ್ತನೆಯ ದಿನ ಕೇಳಿದಳು, ಸುಣ್ಣ ಇದೆಯೇ, ನೆನೆದದ್ದು?
ಇದೆ ಅಂದೆ. ಗುಂಡಿಯಲ್ಲಿ ಮೂರು ವರ್ಷದ್ದು,
ಚಾಕುವಿನಲ್ಲಿ ಕೊಯ್ಯಬಹುದು.
ಕಣ್ಣಿನ ಅಳತೆ ತೆಗೆದಳು. ಬಿಡಿಸಿಕೊಂಡಳು.
ಆಳ ಬರೆದಳು, ನೀಲಿಯ ಬಗ್ಗೆ ಎರಡು ಪುಟ ಬರೆದಳು.
ಆಮೇಲೆ ದೀಪ ತಾನು ಹಿಡಿದು
ಕುಂಚ ನನಗೆ ಬಿಟ್ಟಳು.

ಮುಚ್ಚುವ ಮುಂಚೆ ಅದು ನನ್ನನ್ನು ನೋಡಿತು
ಅಂತ ಹೇಳಿದರೆ ಸುಳ್ಳಾಗುತ್ತದೆ.
ಅದು ಬಾಗಿಲ ಕಡೆ ನೋಡುತ್ತಿತ್ತು,
ಹೊರಗೆ ಯಾರೋ ಕೆಸರುಗಾಲು ಒರೆಸುತ್ತಿದ್ದರು.

ಬಕೆಟ್ಟಿಗೆ ಏನು ಬೆರೆಸಿದೆ ಎಂದು ಅವಳು ಕೇಳಲಿಲ್ಲ.
ಪದರ ೧ ಅಂತ ಹೊಸ ಪುಟದಲ್ಲಿ ಬರೆದು
ಹೆಸರು ಕೇಳಿದಳು.
ಹೇಳಿದೆ.
ಇಪ್ಪತ್ತಮೂರರ ಪಕ್ಕದಲ್ಲೂ ಜಾಗ ಬಿಟ್ಟಿದ್ದಳು.
ಮಾರೆನ್, ಅಂದೆ, ನಮ್ಮವ್ವ.

ಹಸುವಿಗೆ ಹೆಸರಿರಲಿಲ್ಲ.