ಆರನೇ ನಂಬರಿನ ನಳಿಕೆ

ಸೋಲಾಪುರ. ರಾತ್ರಿ ಮೂರು. ಗಾಜಿನ ಪೆಟ್ಟಿಗೆಯೊಳಗ
ಒಂದು ಕಿಲೋ ನೂರು ಗ್ರಾಮು.
ಹೆಸರಿಲ್ಲ ಇನ್ನೂ. ಕಾಲಿನ ಪಟ್ಟಿಮ್ಯಾಲೆ
ಮರಾಠಿಯೊಳಗ ಅವ್ವನ ಹೆಸರು:
ಮಹಾನಂದಾ ಹತ್ತೂರೆ, ಮೈಂದರ್ಗಿ.

ಮೊದಲೆಲ್ಲ ಗಡಿಯಾರ ಹೇಳತಿತ್ತು.
ಎರಡು ತಾಸಿಗೊಮ್ಮೆ ಕಫ ತಗೀತಿದ್ವಿ,
ಇರಲಿ, ಇಲ್ಲದಿರಲಿ.
ನಳಿಕೆ ಇಳಿದಾಗೊಮ್ಮೆ ಕೂಸು ನೀಲಿಗಟ್ಟತಿತ್ತು,
ರಜಿಸ್ಟರಿನ್ಯಾಗ ನಾ ಬರೀತಿದ್ದೆ: ಆತು.

ಈಗ ಮೊದಲು ಕೇಳಬೇಕು.
ಅಂಗೈಗಿಂತ ಸಣ್ಣ ಎದಿ,
ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸಪ್ಪಳ
ಬಂದರಷ್ಟೇ ನಳಿಕೆ,
ಅಳೆದ ಗುರುತಿನತನಕ, ಮುಂದ ಕೂದಲೆಳಿಯಷ್ಟೂ ಇಲ್ಲ.
ಅಷ್ಟೊತ್ತು ನನ್ನ ಉಸಿರೂ ಹಿಡಕೊಂಡಿರತೀನಿ.
ನನಗ ಸಾಕಾದರ ಅದಕ್ಕೂ ಸಾಕು.

ಬಾಗಿಲಾಗ ಅಜ್ಜಿ, ಸೂಲಗಿತ್ತಿ ಗುರುಬಾಯಿ:
"ನಾ ಬಾಯೀಲೆ ಎಳದು ಉಗಳತಿದ್ದೆ, ತಂಗಿ.
ಉಪ್ಪುಪ್ಪು. ಎಷ್ಟು ಎಳೀಬೇಕಂತ ನಾಲಿಗಿಗೆ ತಿಳೀತಿತ್ತು.
ನಿನ್ನ ಮಿಷಿನ್ನಿಗೆ ನಾಲಿಗಿ ಐತೇನು?"

ಇಲ್ಲ, ಆಯಿ.
ಮುಳ್ಳು ಎಂಬತ್ತು ದಾಟಗೊಡೋದಿಲ್ಲ, ಅಷ್ಟೇ.

ಮತ್ತ ಕಿವಿಗೊಟ್ಟೆ. ಎದಿ ಸ್ವಚ್ಛ.
ನಳಿಕೆಯ ಪಾಕೀಟು ಒಡೀಲಿಲ್ಲ.
ರಜಿಸ್ಟರಿನ್ಯಾಗ ಬರದೆ: ಏನೂ ಮಾಡಿಲ್ಲ.

ಮುದುಕಿ ಅಲ್ಲೇ ನೆಲಕ್ಕ ಕುಂತು
ಎಲಿಗೆ ಸುಣ್ಣ ಹಚ್ಚತಿದ್ದಳು.