ಐಸ್ ಪ್ಲಾಂಟಿನ ಇಳಿಜಾರು

ಬೆಳಗಿನ ನಾಲ್ಕು. ಮಲ್ಪೆ ಧಕ್ಕೆಯಲ್ಲಿ ಯಂತ್ರ
ತೆಂಗು ತುರಿದಂತೆ ತುರಿಯುತ್ತಿತ್ತು ಐಸಿನ ದಿಮ್ಮಿಗಳನ್ನು.
ಹೊಸ ಹುಡುಗ ಯಶು
ಮೀನುಪೆಟ್ಟಿಗೆಯ ಮುಚ್ಚಳ ಕಾಲಡಿ ಇಟ್ಟು
ರಾಶಿಯ ತುದಿಯಿಂದ ಜರ್ರನೆ ಜಾರಿದ.
ಎಲ್ಲರೂ ನಕ್ಕರು. ನಾನು ಬೈದೆ.
"ಮಿಲಿಟ್ರಿ ಅಣ್ಣನಿಗೆ ಐಸು ಕಂಡರೆ ಹೆದರಿಕೆ ಮಾರಾಯ."

ಐಸಿಗಲ್ಲ.

ರಾತ್ರಿಯಿಡೀ ಬಿದ್ದ ಹಿಮ, ಯಾರೂ ತುಳಿಯದ್ದು.
ನಾನೂ ನೋರ್ಬುವೂ ಹಲಗೆ ಕಟ್ಟಿ ಇಳಿದೆವು,
ಮೊಣಕಾಲ ತನಕ ಅಕ್ಕಿಹಿಟ್ಟು, ಸದ್ದೇ ಇಲ್ಲ.
ಆಮೇಲೆ ಒಂದೇ ಒಂದು ಸದ್ದು,
ನಡುರಾತ್ರಿ ಹಿತ್ತಿಲಲ್ಲಿ ಹಲಸು ಬಿದ್ದಂತೆ,
ಕಾಲ ಕೆಳಗೆ.
ಚಾಪೆ ಎಳೆದ ಹಾಗೆ ಗುಡ್ಡವೇ ಹೊರಟಿತು.

ಹೂತವನಿಗೆ ಮೇಲ್ಯಾವುದು ಕೆಳಗ್ಯಾವುದು ತಿಳಿಯದು;
ಉಗುಳಬೇಕು, ಎಂಜಲು ಹರಿದ ಕಡೆ ನೆಲ.
ಉಗುಳಿದೆ. ಕೆನ್ನೆಗೆ ಹರಿಯಿತು.
ಎದುರು ದಿಕ್ಕಿಗೆ ಪರಚಿದೆ.

ಮತ್ತೆ ಉದ್ದ ಸರಳು ಹಿಡಿದು ಸಾಲಾಗಿ ಚುಚ್ಚಿದೆವು,
ಉದ್ಯಾವರದ ಹೊಳೆಯಲ್ಲಿ ಸೊಂಟದ ನೀರಿಗಿಳಿದು ಅಮ್ಮ
ಕಾಲ್ಬೆರಳಲ್ಲೇ ಮರುವಾಯಿ ಹುಡುಕುತ್ತಿದ್ದ ಹಾಗೆ,
ಕಲ್ಲೋ, ಮರಳೋ, ಜೀವವೋ ಎಂದು.
ಹತ್ತೊಂಬತ್ತನೇ ಸಲ ಮೆತ್ತಗೆ ತಾಗಿತು.
ಹೊತ್ತು ಮೀರಿತ್ತು.

ಇಷ್ಟು ಹೇಳುವಾಗ ಚಹಾ ಆರಿತ್ತು.
ಬೋಟಿನ ಹೊಟ್ಟೆಗೆ ಪುಡಿ ಐಸು ಸುರಿಯುತ್ತಲೇ ಇತ್ತು.
ಯಶು ಕೇಳಿದ: "ಅದಕ್ಕೆ ಮುಂಚೆ, ಜಾರುವಾಗ, ಹೇಗಿತ್ತಣ್ಣ?"
ಅದನ್ನು ಯಾರೂ ಕೇಳಿರಲಿಲ್ಲ,
ಪತ್ರ ಒಯ್ದು ಕೊಟ್ಟಾಗ ನೋರ್ಬುವಿನ ಹೆಂಡತಿಯೂ.

ಚಂದ ಇತ್ತು, ಅಂದೆ.
ಭಾರಿ ಚಂದ ಇತ್ತು.