ಖಾರದ ಗಿರಣಿ ಮ್ಯಾಲಿನ ಖೋಲಿ

ಹತ್ತೊಂಬತ್ತು ವರ್ಷದ ಮ್ಯಾಲ
ಅವರ ಮೊದಲನೇ ಸಿಡಿ ತಿರಗತೈತಿ,
ಗೀರು ಬಿದ್ದಲ್ಲಿ ಒಂಚೂರು ತೊದಲಿ.

ಹಳೇ ಹುಬ್ಬಳ್ಳ್ಯಾಗ ಖಾರದ ಗಿರಣಿ ಮ್ಯಾಲಿನ ಖೋಲಿ.
ಕಿಡಕಿಗೆ ಕೌದಿ ಬಡದು ರೆಕಾರ್ಡ್ ಮಾಡಿದ್ರು.
ಎರಡನೇ ಹಾಡಿನ್ಯಾಗ ನೀಲಗಂಗಾ
ಸೀನು ತಡಕೊಂಡಿದ್ದು ಈಗ ಗೊತ್ತಾಗತೈತಿ.
ಅವಾಗ ಅದನ್ನ ನಾವು
ವಿರಹ ಅಂದ್ಕೊಂಡಿದ್ವಿ.

ಫಕ್ಕೀರೇಶನ ಡ್ರಮ್ಮು,
ಅದರ ಬೆನ್ನಿಗೇ ಗಿರಣಿ ಬೆಲ್ಟು.
ಐದನೇ ಹಾಡಿನ ನಡುವ
ಯಾರದೋ ಬ್ಯಾಡಗಿ ಮೆಣಸಿನಕಾಯಿ ಮುಗದು
ಗಿರಣಿ ನಿಂತ ಬಿಡತೈತಿ.
ಮೂವರೂ ಒಮ್ಮೆಲೇ ಸಣ್ಣ ದನಿಗೆ ಇಳೀತಾರ,
ಮಂದಿ ಮನ್ಯಾಗ ಸಿಕ್ಕೊಂಡವರಂಗ.
ದಾಟಿಸಿ ಮುಂದ ಹೋಗ್ತಿದ್ದೆ ಅದನ್ನ.

ಇವತ್ತ ಅದಷ್ಟನ್ನ
ಎಷ್ಟ ಸಲ ಹಿಂದಕ್ಕ ತಿರುವಿದ್ನೋ.
ಎರಡನೇ ಸಿಡಿ ಬರಲೇ ಇಲ್ಲ.

ಒಳಗಿಂದ ಮಗಳು:
‘ನೆಗಡಿ ಆಗೇತೇನಪ್ಪಾ?’
ಹೂಂ ಅಂದೆ.